ಐದನೇ ಮನೆಯ ಕೆಂಪು ಬೋರ್ಡು

ಮಾರ್ಚ್ 3, ಸೋಮವಾರ

ತರಬೇತಿಯ ಮೂರನೇ ಬ್ಯಾಚ್ ಮುಗಿಯಿತು. ಇಪ್ಪತ್ತೆರಡು ಜನ. ಇನ್ನೂ ನಾಲ್ಕು ಬ್ಯಾಚ್ ಬಾಕಿ, ತೋಟದ ಕಾಯಿ ಕೊಳ್ಳುವ ವಿದೇಶಿ ಬಯರ್ ಕಡೆಯ ಆಡಿಟ್‌ಗೆ ಇಪ್ಪತ್ತಮೂರೇ ದಿನ. ಗಂಟಲು ಕಟ್ಟಿದೆ.

ಇವತ್ತೂ ಅದೇ ಪಾಠ. ಬೆಂಕಿ ಬಿದ್ದರೆ ಯಾವ ಬಾಗಿಲು. ಕೈಗವಸು ಹರಿದರೆ ಯಾರನ್ನು ಕೇಳಬೇಕು. ಮೇಸ್ತ್ರಿ ಕೆಟ್ಟದಾಗಿ ಬೈದರೆ ಏನು ಮಾಡಬೇಕು. ಬೇಗ ಬಾಯಿಪಾಠ ಆಗಲೆಂದು ಉತ್ತರಗಳನ್ನೆಲ್ಲ ಪದ ಕಟ್ಟಿದ್ದೇನೆ. "ಔಷಧಿ ಹೊಡೆದ ಮನೆಗೆ ಯಾವಾಗ ಹೋಗಬೇಕು?" ಎಂದರೆ ಸಾಕು, ಇಪ್ಪತ್ತೆರಡು ಬಾಯಿ ಒಟ್ಟಿಗೆ: "ಒಂದು ಹಗಲು ಕಳೀಬೇಕು, ಒಂದು ರಾತ್ರಿ ಕಳೀಬೇಕು, ಬೋರ್ಡು ಹಸಿರು ಆಗ್ಬೇಕು."

ಮನೆ ಎಂದರೆ ಪಾಲಿಹೌಸ್, ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆ. ಒಟ್ಟು ಒಂಬತ್ತಿವೆ. ಎಲ್ಲರ ಬಾಯಲ್ಲೂ ಒಂದನೇ ಮನೆ, ಎರಡನೇ ಮನೆ ಎಂದೇ. ನನ್ನ ಬಾಯಲ್ಲೂ ಅದೇ ಬರುತ್ತದೆ. ಎಂಟು ವರ್ಷ ನಾನೂ ಅವುಗಳೊಳಗೆ ಕ್ಯಾಪ್ಸಿಕಂ ಕಿತ್ತವಳು. ಮೇಡಂ ಆಗಿ ಒಂದೂವರೆ ವರ್ಷ ಆಯಿತಷ್ಟೇ.

ಪದ ಮುಗಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನೋಡಿದರೆ ಗಿಣಿ. ಕಾಯಿ ಕೀಳುವವಳು, ಬಾಯಿಗೆ ಬೀಗ ಇಲ್ಲ, ಅದಕ್ಕೇ ಆ ಹೆಸರು. ಏನು ನಗು ಎಂದು ಕೇಳಿದೆ. "ಏನಿಲ್ಲ ಮೇಡಂ, ಪದ ಚೆನ್ನಾಗಿದೆ" ಅಂದಳು. ಪಕ್ಕದವರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಆ ನಗು ಇನ್ನೂ ಕಿವಿಯಲ್ಲಿ ಇದೆ. ಯಾಕೋ.

ಸಂಜೆ ದೂರು ಪೆಟ್ಟಿಗೆ ತೆರೆದೆ. ಒಂದು ಒಣಗಿದ ಜೇಡ. ರಿಜಿಸ್ಟರಿನಲ್ಲಿ ಬರೆದೆ: ಈ ವಾರದ ದೂರುಗಳು — ಇಲ್ಲ. ಸತತ ಏಳನೇ ತಿಂಗಳು "ಇಲ್ಲ". ಮ್ಯಾನೇಜರಿಗೆ ಖುಷಿಯೋ ಖುಷಿ. ನೂರನಲವತ್ತು ಜನ ದುಡಿಯುವ ಜಾಗದಲ್ಲಿ ಏಳು ತಿಂಗಳು ಯಾರಿಗೂ ಏನೂ ಆಗಿಲ್ಲವಂತೆ! ನಮ್ಮ ಮನೆಯಲ್ಲಿ ಇರುವುದು ನಾಲ್ಕೇ ಜನ. ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಆರು ದೂರು.

ಮಾರ್ಚ್ 4, ಮಂಗಳವಾರ

ಪೆಟ್ಟಿಗೆಯ ಜಾಗ ಬದಲಾಯಿಸಿದೆ. ಇಷ್ಟು ದಿನ ಮ್ಯಾನೇಜರ್ ರೂಮಿನ ಎದುರು ಗೋಡೆಯಲ್ಲಿತ್ತು. ಚೀಟಿ ಹಾಕುವವರು ಅವರ ಕಣ್ಣಿಗೆ ಬಿದ್ದೇ ಹಾಕಬೇಕಿತ್ತು. ಇದು ನನ್ನ ತಲೆಗೆ ಹೊಳೆಯಲು ಏಳು ತಿಂಗಳು ಬೇಕಾಯಿತು. ಈಗ ಹೆಂಗಸರ ಶೌಚಾಲಯದ ಪಕ್ಕ, ಕೈ ತೊಳೆಯುವ ನಲ್ಲಿಯ ಮೇಲೆ. ಮ್ಯಾನೇಜರ್ ಮುಖ ಕಿವುಚಿದರು, ಬೇಡ ಎನ್ನಲಿಲ್ಲ.

ಕೆಲಸ ಮುಗಿದ ಮೇಲೆ ಅಕ್ಷರದ ಕ್ಲಾಸು. ಐದೇ ಹೆಂಗಸರು, ಅದರಲ್ಲಿ ಅತ್ತಿಗೆಯೂ ಒಬ್ಬರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ಪೆನ್ಸಿಲನ್ನು ಕಾಯಿ ಕೀಳುವ ಕತ್ತರಿಯ ಹಾಗೆ ಹಿಡಿಯುತ್ತಾರೆ. ಒಂದೊಂದು ಅಕ್ಷರವೂ ಲಾಡಿ ಬಿಚ್ಚಿದ ಹಾಗೆ ದೊಡ್ಡದು. ಇವತ್ತು ಗೋಡೆಯ ಮೇಲಿನ ಸೂಚನೆಯನ್ನು ತಾವೇ ಓದಿ, ತಿರುಗಿ ನನ್ನ ಮುಖ ನೋಡಿದರು. ಹೊಗಳಿದರೆ ನಾಚಿಕೆ, ಹೊಗಳದಿದ್ದರೆ ಬೇಜಾರು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 2.10

ಪೆಟ್ಟಿಗೆಯಲ್ಲಿ ಚೀಟಿ!

ನೋಟ್‌ಬುಕ್ಕಿನ ಅರ್ಧ ಹಾಳೆ, ನಾಲ್ಕು ಮಡಿಕೆ. ಹಾಗೇ ಇಲ್ಲಿ ಇಳಿಸುತ್ತೇನೆ:

"5 ನೇ ಮನೆ. ಔಶದಿ ಹೊಡದು ನಾಕು ಗಂಟೆ ಆಗಿರಲ್ಲ. ಒಳಗೆ ಕಳಸ್ತಾರೆ. ಬೋರ್ಡು ಮೊದಲೇ ತಿರಗಸ್ತಾರೆ. ಕಣ್ಣು ಉರಿ. ವಾಂತಿ. ಕೇಳೋರು ಇಲ್ಲ."

ಓದಿದಾಗ ಮೊದಲು ಬಂದದ್ದು ಸಂತೋಷ. ಯಾರೋ ಕೊನೆಗೂ ನಂಬಿದರು ಅಂತ. ಎರಡನೇ ಸಲ ಓದುವಾಗ ಮಾತು ಬಿಟ್ಟು ಅಕ್ಷರ ನೋಡಿದೆ.

ಲಾಡಿ ಬಿಚ್ಚಿದಂಥ ಅಕ್ಷರ. ಆ ಐದು ಜನರ ಕೈಯನ್ನು ಹಿಡಿದು ತಿದ್ದಿಸಿದವಳು ನಾನು. ಅತ್ತಿಗೆಯದು ಎಂದು ನನಗೆ ಬಿಟ್ಟು ಇನ್ಯಾರಿಗೂ ಹೇಳಲು ಬರಲಿಕ್ಕಿಲ್ಲ.

ಐದನೇ ಮನೆಗೆ ಔಷಧಿ ಹೊಡೆಯುವವನು ಅಣ್ಣ. ಬಾಗಿಲಿನ ಬೋರ್ಡನ್ನು ಕೆಂಪಿಗೆ ತಿರುಗಿಸುವವನೂ ಹಸಿರಿಗೆ ತಿರುಗಿಸುವವನೂ ಅವನೇ. ರಿಜಿಸ್ಟರಿನಲ್ಲಿ ಸಹಿಯೂ ಅವನದೇ.

ಗಂಡನ ಮೇಲೆ ಹೆಂಡತಿಯ ದೂರು. ವಿಚಾರಿಸಬೇಕಾದವಳು ತಂಗಿ.

ಚೀಟಿ ಸಿಕ್ಕ ಇಪ್ಪತ್ತನಾಲ್ಕು ಗಂಟೆಯೊಳಗೆ ರಿಜಿಸ್ಟರಿಗೆ ಹತ್ತಿಸಬೇಕು. ನಿಯಮ ಬರೆದವಳು ನಾನೇ. ಚೀಟಿ ಈಗ ನನ್ನ ಬ್ಯಾಗಿನ ಒಳ ಜಿಪ್ಪಿನಲ್ಲಿದೆ. ನಾಳೆ ಹತ್ತಿಸುತ್ತೇನೆ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 5.40

ಅಣ್ಣ ಬೂಟು ಹಾಕಿಕೊಳ್ಳುತ್ತಿದ್ದ. ಕೆಲಸದ ಮಾತೆಂಬಂತೆ ಕೇಳಿದೆ, ಬೋರ್ಡು ಯಾವಾಗ ತಿರುಗಿಸುತ್ತೀಯ ಅಂತ. ಟೈಮಿಗೆ ಅಂದ. ಯಾವ ಟೈಮಿಗೆ ಅಂದೆ. ಬೂಟಿನ ಲೇಸು ಬಿಗಿದು ಎದ್ದ. "ನಿನ್ನ ಪಾಠ ನಿನ್ನ ಬೆಂಚಿನೋರಿಗೆ ಮಾಡು. ನನಗೆ ಬೇಡ."

ಅತ್ತಿಗೆ ತರಕಾರಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ಚಾಕುವಿನ ಸದ್ದು ಮಾತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅಪ್ಪ ಹೋದಾಗ ನನಗೆ ಒಂಬತ್ತು, ಅಣ್ಣನಿಗೆ ಹದಿನೆಂಟು. ಅವನು ಬೆನ್ನಿಗೆ ಪಂಪು ಕಟ್ಟಿದ್ದರಿಂದ ನಾನು ಪುಸ್ತಕ ಹಿಡಿದೆ. ಅದನ್ನು ಅವನು ಒಂದು ದಿನವೂ ಬಾಯಿ ಬಿಟ್ಟು ಹೇಳಿದವನಲ್ಲ. ಹೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ರಾತ್ರಿ 9. ಇವತ್ತೂ ಹತ್ತಿಸಲಿಲ್ಲ. ನಾಲ್ಕು ಸಲ ರಿಜಿಸ್ಟರ್ ತೆರೆದೆ. ನಾಲ್ಕು ಸಲ ಪೆನ್ನಿನ ಕ್ಯಾಪು ಹಾಕಿದೆ.

ಮಾರ್ಚ್ 11, ಮಂಗಳವಾರ

ಬರೆಯಲು ಆಗಿರಲಿಲ್ಲ. ಈಗಲೂ ಆಗುತ್ತಿಲ್ಲ. ಬರೆಯದೆ ಕೂರಲೂ ಆಗುತ್ತಿಲ್ಲ.

ನಿನ್ನೆ ಐದನೇ ಮನೆಯಲ್ಲಿ ಗಿಣಿ ಬಿದ್ದಳು.

ಬೆಳಿಗ್ಗೆ ಆರೂವರೆಗೆ ಔಷಧಿ ಹೊಡೆದು ಮುಗಿದಿತ್ತು. ಹನ್ನೊಂದರ ಹೊತ್ತಿಗೆ ಹೆಂಗಸರನ್ನು ಒಳಗೆ ಬಿಟ್ಟಿದ್ದಾರೆ. ಹನ್ನೆರಡೂವರೆಗೆ ಕೂಗು. ನಾನು ಓಡಿದಾಗ ಅವಳು ಎರಡು ಸಾಲಿನ ನಡುವೆ ಮಗ್ಗುಲಾಗಿ ಬಿದ್ದಿದ್ದಳು. ಬಾಯಲ್ಲಿ ನೊರೆ, ಕಣ್ಣು ಅರೆ ತೆರೆದಿತ್ತು, ಕ್ರೇಟ್ ಮಗುಚಿತ್ತು. ಅತ್ತಿಗೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನ ಮುಖವನ್ನೇ ನೋಡಿದರು. ಬೈಗುಳ ಇಲ್ಲ, ಪ್ರಶ್ನೆಯೂ ಇಲ್ಲ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಉಸಿರೆಳೆದರೆ ಮೂಗಿಗೆ ಔಷಧಿ ವಾಸನೆ. ಬಾಗಿಲಿನ ಬೋರ್ಡು ಹಸಿರು.

ಆಸ್ಪತ್ರೆಯಲ್ಲಿದ್ದಾಳೆ. ಈಗ ಪ್ರಜ್ಞೆ ಇದೆಯಂತೆ, ಮಾತಿಲ್ಲ. ಗಿಣಿಗೆ ಮಾತಿಲ್ಲ.

ಮ್ಯಾನೇಜರ್ ಬರೆಸಿದ ವರದಿ ಓದಿದೆ. ಕೆಲಸಗಾರ್ತಿ ತನ್ನ ನೀರಿನ ಬಾಟಲಿ ತರಲು ಹೇಳದೆ ಕೇಳದೆ ಒಳಗೆ ಹೋದಳು. ಖಾಲಿ ಹೊಟ್ಟೆ, ಸೆಖೆ. ಇಷ್ಟೇ.

ಚೀಟಿ ನನ್ನ ಬ್ಯಾಗಿನಲ್ಲಿ ಐದು ದಿನದಿಂದ ಇದೆ.

ಮಾರ್ಚ್ 12, ಬುಧವಾರ

ಹತ್ತಿಸಿದೆ. ಚೀಟಿಯನ್ನೂ ಪುಟಕ್ಕೆ ಪಿನ್ ಮಾಡಿದೆ. ಚೀಟಿ ಸಿಕ್ಕ ದಿನ: ಮಾರ್ಚ್ 6. ನಮೂದಿಸಿದ ದಿನ: ಮಾರ್ಚ್ 12. ತಡಕ್ಕೆ ಕಾರಣ ಎಂಬ ಕಾಲಮ್ಮಿನಲ್ಲಿ "ನನ್ನ ತಪ್ಪು" ಎಂದು ಬರೆದೆ. ಆ ಕಾಲಮ್ಮಿಗೆ ಅಷ್ಟೇ ಜಾಗ ಇತ್ತು.

ಹತ್ತು ನಿಮಿಷದಲ್ಲಿ ಮ್ಯಾನೇಜರ್ ಕರೆದರು. ಅವರ ಮೇಜಿನ ಮೇಲೆ ಮೂರು ಫೋನು, ಮೂರೂ ನಡುಗುತ್ತಿದ್ದವು. ನಾಲ್ಕು ಗಂಟೆಗೆ ಲಾರಿ ಹೊರಡಬೇಕು, ತಪ್ಪಿದರೆ ವಿಮಾನ ತಪ್ಪುತ್ತದೆ, ವಿಮಾನ ತಪ್ಪಿದರೆ ಬಯರ್ ತಪ್ಪುತ್ತಾನೆ ಎಂದು ಶುರು ಮಾಡಿದರು. ಸುಳ್ಳೇನಲ್ಲ. ಮೇಲಿನವರು ಅವರನ್ನು ಹಿಂಡುತ್ತಾರೆ, ಅವರು ಕೆಳಗಿನವರನ್ನು. ಆಮೇಲೆ ಚೀಟಿಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ಇದು ಯಾರ ಕೈಬರಹ?"

"ಗೊತ್ತಿಲ್ಲ ಸರ್."

"ಅಕ್ಷರ ಕಲಿಸಿದೋರಿಗೆ ಅಕ್ಷರ ಗೊತ್ತಾಗಲ್ವಾ?"

"ಹೆಸರು ಕೇಳಲ್ಲ ಅಂತ ನಾನೇ ಅವರಿಗೆ ಮಾತು ಕೊಟ್ಟಿದೀನಿ ಸರ್. ಪಾಠದಲ್ಲಿ ಅದೇ ಮೊದಲನೇದು."

ಅವರು ನಕ್ಕರು. ಕೆಟ್ಟ ನಗುವಲ್ಲ, ದಣಿದ ನಗು. ಸರಿ, ನೀವು ಕೇಳಬೇಡಿ, ನಾನು ಕೇಳುತ್ತೇನೆ ಎಂದರು.

ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದೆ. ಒಳಗೆ ಹೋದೆ. ಮತ್ತೆ ಬಂದು ತೊಳೆದೆ.

ಮಾರ್ಚ್ 13, ಗುರುವಾರ

ಇವತ್ತು ನಡೆದದ್ದನ್ನು ಒಂದಕ್ಷರ ಬಿಡದೆ ಬರೆದಿಡಬೇಕು.

ಬೆಳಿಗ್ಗೆ ಹತ್ತಕ್ಕೆ ಅಕ್ಷರದ ಕ್ಲಾಸಿನ ಐದೂ ಹೆಂಗಸರಿಗೆ ಆಫೀಸಿಗೆ ಬುಲಾವ್. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಬಾಗಿಲ ಬಳಿ ನಿಂತೆ, ಹೋಗಿ ಎಂದು ಯಾರೂ ಹೇಳಲಿಲ್ಲ. ಮೇಜಿನ ಮೇಲೆ ಐದು ಬಿಳಿ ಹಾಳೆ, ಒಂದು ಪೆನ್ಸಿಲ್. ಒಬ್ಬೊಬ್ಬರಾಗಿ ಬಂದು "ಔಷಧಿ" ಎಂದು ಬರೆಯಬೇಕು. ಉಕ್ತಲೇಖನ! ಕಾಯಿ ಕೀಳುವ ಕೈಗಳಿಗೆ.

ಮೊದಲನೆಯವಳು ಬರೆದಳು: ಔಶದಿ. ಮ್ಯಾನೇಜರ್ ಮುಖ ಅರಳಿತು. ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು. ಎರಡನೆಯವಳು ಬರೆದಳು: ಔಶದಿ. ಮೂರನೆಯವಳೂ ಔಶದಿ. ನಾಲ್ಕನೆಯವಳು ಬಹಳ ಹೊತ್ತು ಯೋಚಿಸಿ, ಬೆವರು ಒರೆಸಿಕೊಂಡು ಬರೆದಳು: ಅವುಶದಿ. ಟೈಪು ಮಾಡುವ ಗುಮಾಸ್ತ ನಗು ತಡೆಯಲಾಗದೆ ಕೆಮ್ಮಿದ. ಹೊಟ್ಟೆ ಸೀಳುವ ಷ ನಾನು ಇನ್ನೂ ಯಾರಿಗೂ ಕಲಿಸಿರಲಿಲ್ಲ. ಅದು ಮುಂದಿನ ತಿಂಗಳ ಪಾಠ.

ಮ್ಯಾನೇಜರಿಗೆ ರೇಗಿತು. ಬರೆದವರು ಒಪ್ಪಿಕೊಳ್ಳದಿದ್ದರೆ ಐದೂ ಜನ ನಾಳೆಯಿಂದ ಬರಬೇಕಾಗಿಲ್ಲ ಎಂದರು. ಎರಡನೆಯವಳ ಗಲ್ಲ ನಡುಗುತ್ತಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅತ್ತಿಗೆ ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು.

ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಆ ಕುರ್ಚಿಯಲ್ಲಿ ಕೆಲಸದವರು ಯಾರೂ ಕೂತದ್ದನ್ನು ನಾನು ನೋಡಿಲ್ಲ. ಪೆನ್ಸಿಲ್ ತೆಗೆದುಕೊಂಡು, ಕತ್ತರಿ ಹಿಡಿದ ಹಾಗೆ ಹಿಡಿದು, ಬರೆಯತೊಡಗಿದರು. ಒಂದು ಪದ ಅಲ್ಲ. ಇಡೀ ಚೀಟಿ. 5 ನೇ ಮನೆ. ಔಶದಿ ಹೊಡದು ನಾಕು ಗಂಟೆ ಆಗಿರಲ್ಲ... ಏಳೆಂಟು ನಿಮಿಷ ಹಿಡಿಯಿತು. ಮೂರು ಫೋನಿನಲ್ಲಿ ಯಾವುದೋ ಒಂದು ಬಡಿದುಕೊಂಡು ಸುಮ್ಮನಾಯಿತು. ಕೊನೆಯಲ್ಲಿ ಹೊಸದೊಂದು ಸಾಲು ಸೇರಿಸಿದರು: ಗಿಣಿ ಬಾಟಲಿ ತರಕ್ಕೆ ಹೋಗಿರಲಿಲ್ಲ. ಕೆಳಗೆ ತಮ್ಮ ಹೆಸರು.

"ತಗೊಳ್ಳಿ ಸರ್. ಬರೆಯೋದು ನಿಧಾನ. ಓದಕ್ಕೂ ನಿಧಾನ ಮಾಡಿ."

ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿ, ಹೊರಗೆ ಹೋದರು.

ಸಂಜೆ ದಾರಿಯಲ್ಲಿ ಅತ್ತಿಗೆ, ನಾನು ಜೊತೆಗೇ ನಡೆದೆವು. ಚೀಟಿಯನ್ನು ಆರು ದಿನ ಬ್ಯಾಗಿನಲ್ಲಿಟ್ಟುಕೊಂಡಿದ್ದೆ ಎಂದು ಹೇಳಿದೆ. ಗೊತ್ತು ಅಂದರು. ಹೇಗೆ ಎಂದು ಕೇಳಿದೆ. "ಬ್ಯಾಗನ್ನ ಅಷ್ಟು ಬಿಗಿಯಾಗಿ ಹಿಡ್ಕೊಂಡು ಓಡಾಡಿದ್ದು ನೀನು ಯಾವತ್ತು?"

ಮಾರ್ಚ್ 14, ಶುಕ್ರವಾರ

ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಾನೆ. ನೀರು ಬೇಕಾದರೆ ಅಮ್ಮನನ್ನು ಕೇಳುತ್ತಾನೆ. ಅಮ್ಮನಿಗೆ ಕಿವಿ ಮಂದ, ಎರಡೆರಡು ಸಲ ಕೇಳಬೇಕು. ಅಷ್ಟರಲ್ಲಿ ಅತ್ತಿಗೆಯೇ ಲೋಟ ತಂದಿಡುತ್ತಾರೆ. ಅವನು ಕುಡಿಯುತ್ತಾನೆ. ಗಂಡ ಹೆಂಡಿರ ಜಗಳಕ್ಕೂ ಬಾಯಾರಿಕೆಗೂ ಸಂಬಂಧ ಇಲ್ಲ ನೋಡಿ.

ಮನೆ ಮಾತು ಬೀದಿಗೆ ತಂದಳು ಎಂದು ಅಮ್ಮ ನನ್ನ ಹತ್ತಿರ ಗೊಣಗಿದರು. ಮನೆ ಮಾತಲ್ಲಮ್ಮ, ಐದನೇ ಮನೆ ಮಾತು ಎಂದೆ. ಅವರಿಗೆ ಕೇಳಿಸಲಿಲ್ಲ.

ಸೋಮವಾರ ದೂರು ವಿಚಾರಿಸುವ ಕಮಿಟಿ ಸೇರುತ್ತದೆ. ನಾಲ್ವರು ಕೆಲಸಗಾರರು, ಮ್ಯಾನೇಜರ್, ಹೆಡ್ ಆಫೀಸಿನಿಂದ ಒಬ್ಬರು, ಬರೆದುಕೊಳ್ಳಲು ನಾನು. ಅತ್ತಿಗೆಯ ಮಾತೊಂದೇ ಇದ್ದರೆ ನಿಲ್ಲುವುದಿಲ್ಲ. ಸಿಂಪಡಣೆ ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿದೆ: 10ರ ಬೆಳಿಗ್ಗೆ 6.30ಕ್ಕೆ ಮುಗಿದದ್ದು, 11ರ ಬೆಳಿಗ್ಗೆ 6.30ಕ್ಕೆ ಒಳಗೆ ಬಿಟ್ಟದ್ದು. ಅಣ್ಣನ ಸಹಿ, ಮುತ್ತಿನಂತೆ.

ಮಧ್ಯಾಹ್ನ ಪ್ಯಾಕಿಂಗ್ ಶೆಡ್ಡಿಗೆ ಹೋದೆ. ತೂಕದಮ್ಮನ ಹತ್ತಿರ ಕೂತೆ. ಇಪ್ಪತ್ತು ವರ್ಷದಿಂದ ಕ್ರೇಟ್ ತೂಗುವವರು, ಕಮಿಟಿಯಲ್ಲೂ ಇದ್ದಾರೆ. ಅವರ ಯಂತ್ರ ಒಂದೊಂದು ಕ್ರೇಟಿಗೂ ಒಂದೊಂದು ಚೀಟಿ ಕಕ್ಕುತ್ತದೆ. ಮನೆ ನಂಬರು, ತೂಕ, ಗಂಟೆ, ನಿಮಿಷ. 10ರ ಕಟ್ಟು ಬಿಚ್ಚಿದೆವು. ಐದನೇ ಮನೆಯ ಮೊದಲ ಕ್ರೇಟ್: 11.20. ಒಟ್ಟು ನಲವತ್ತೊಂದು ಕ್ರೇಟ್. ಬಾಟಲಿ ತರಲು ಹೋದವಳು ನಲವತ್ತೊಂದು ಕ್ರೇಟ್ ಕಿತ್ತಳೇ?

ಸಿಕ್ಕಿತು ಎಂದು ಎದ್ದೆ. ಶೆಡ್ಡಿನ ಬಾಗಿಲು ದಾಟುವಷ್ಟರಲ್ಲಿ ಅರ್ಥವಾಯಿತು, ಸಿಕ್ಕಿಬಿದ್ದದ್ದು ಯಾರು ಎಂದು. ಮ್ಯಾನೇಜರ್ ಎಲ್ಲೂ ಸಹಿ ಮಾಡಿಲ್ಲ. ಸುಳ್ಳು ಬರಹದ ಕೆಳಗೆ ಇರುವುದು ಅಣ್ಣನ ಹೆಸರೊಂದೇ.

ಸಂಜೆ ಅಂಗಳದಲ್ಲಿ ಅವನು ಪಂಪಿನ ನಳಿಕೆ ಬಿಚ್ಚಿಕೊಂಡು ಕೂತಿದ್ದ. ಎದುರಿಗೆ ಕೂತು ಎಲ್ಲ ಹೇಳಿದೆ, ಕ್ರೇಟ್ ಚೀಟಿಯ ವಿಷಯವನ್ನೂ. ಹೇಳದೆ ಸೋಮವಾರ ಅವನ ಮುಂದೆ ಇಟ್ಟಿದ್ದರೆ ಅದು ಬೆನ್ನಿಗೆ ಚೂರಿ. ಹೇಳಿದ್ದೂ ನಿಯಮಕ್ಕೆ ವಿರುದ್ಧವೇ. ಅತ್ತ ದರಿ, ಇತ್ತ ಪುಲಿ.

"ಯಾರು ಹೇಳಿದ್ದು ಬೋರ್ಡು ತಿರುಗಿಸು ಅಂತ?"

"ತಿರುಗಿಸಿದ ಕೈ ನಂದು."

"ಅದಲ್ಲ ಕೇಳಿದ್ದು."

"ಒಬ್ಬರ ಮೇಲೆ ಹೇಳಿ ಬದುಕಿದೋನಲ್ಲ ನಾನು."

"ಅಣ್ಣಾ, ಒಳಗೆ ಅತ್ತಿಗೆಯೂ ಇದ್ದರು."

ನಳಿಕೆಯ ತುದಿಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅದು ಯಾವಾಗಲೋ ಶುಚಿಯಾಗಿತ್ತು.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 9.50

ಹತ್ತು ನಿಮಿಷ ಇದೆ. ಐದು ಸಲ ಕುರ್ಚಿ ಜೋಡಿಸಿದೆ. ಅಣ್ಣ ಹೊರಗಿನ ಬೆಂಚಿನಲ್ಲಿ ಕೂತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ. ಇಸ್ತ್ರಿ ಮಾಡಿದವರು ಯಾರೋ, ಅಮ್ಮನಿಗಂತೂ ಕೈ ಆಡುವುದಿಲ್ಲ.

ಅದೇ ದಿನ, ಮಧ್ಯಾಹ್ನ 3

ಮುಗಿಯಿತು. ಅವಸರಕ್ಕೆ ಅಕ್ಷರಗಳು ಅತ್ತಿಗೆಯದರ ಹಾಗೆ ಬರುತ್ತಿವೆ.

ಮೊದಲೇ ಎದ್ದು ನಿಂತು ಹೇಳಿದೆ: ಸಿಂಪಡಣೆಯವರು ನನ್ನ ಅಣ್ಣ, ದೂರು ಕೊಟ್ಟವರು ನನ್ನ ಅತ್ತಿಗೆ, ಚೀಟಿಯನ್ನು ಆರು ದಿನ ಮುಚ್ಚಿಟ್ಟವಳು ನಾನು, ಈ ವಿಚಾರಣೆಯನ್ನು ಬೇರೆ ಯಾರಾದರೂ ನಡೆಸಬೇಕು. ಹೆಡ್ ಆಫೀಸಿನಿಂದ ಬಂದಾಕೆ ಕನ್ನಡಕದ ಮೇಲಿಂದ ನೋಡಿ, ನಾನೇ ನಡೆಸುತ್ತೇನೆ, ನೀವು ಬರೆದುಕೊಳ್ಳಿ ಎಂದರು.

ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟರು. ರಿಜಿಸ್ಟರ್, ಕ್ರೇಟ್ ಚೀಟಿಗಳ ಕಟ್ಟು. ಮ್ಯಾನೇಜರ್ ಎರಡನ್ನೂ ನೋಡಿ, ಹಾಗಾದರೆ ಇವರ ಅಣ್ಣ ಸುಳ್ಳು ಬರೆದಿದ್ದಾರೆ, ನನಗೆ ಈಗಲೇ ತಿಳಿಯುತ್ತಿದೆ ಎಂದರು. ನಾನು ಅಂದುಕೊಂಡದ್ದೇ ಆಯಿತು. ಪೆನ್ನು ಹಾಳೆಯನ್ನು ತೂತು ಮಾಡಿತು.

ಅಣ್ಣನನ್ನು ಕರೆದರು. ಕೂರಲು ಹೇಳಿದರೂ ಕೂರಲಿಲ್ಲ.

"ಬೋರ್ಡು ತಿರುಗಿಸಿದ್ದು ನಾನೇ. ಸುಳ್ಳು ಟೈಮು ಬರೆದಿದ್ದೂ ನಾನೇ. ಅವತ್ತು ಒಂದಿನ ಅಲ್ಲ, ಏಳೆಂಟು ಸಲ. ಫೋನು ಬರ್ತಿತ್ತು. ಲಾರಿಗೆ ಕಾಯಿ ಸಾಲ್ತಿಲ್ಲ, ಐದನೇ ಮನೆ ತೆಗಿ ಅಂತ. ಆಗಲ್ಲ ಅಂತ ನಾನು ಒಂದ್ಸಲಾನೂ ಅನ್ನಲಿಲ್ಲ."

"ಯಾರ ಫೋನು?" ಎಂದು ಆಕೆ ಕೇಳಿದರು.

ಮ್ಯಾನೇಜರ್ ಕೈಗಳನ್ನು ಮೇಜಿನ ಕೆಳಗೆ ಇಳಿಸಿದರು. ಅಣ್ಣ ಬೆರಳು ತೋರಿಸಲಿಲ್ಲ, ಹೆಸರೂ ಹೇಳಲಿಲ್ಲ. "ಇಲ್ಲೇ ಕೂತಿದಾರೆ" ಅಂದ.

ನಾನು ಫೋನು ಮಾಡಿದ್ದು ಬೇರೆ ವಿಷಯಕ್ಕೆ ಎಂದರು ಮ್ಯಾನೇಜರ್. ಆಗ ತೂಕದಮ್ಮ ಕೆಮ್ಮಿದರು. ಕಮಿಟಿಯಲ್ಲಿ ಎರಡು ವರ್ಷದಿಂದ ಇದ್ದಾರೆ, ಒಂದು ಸಲವೂ ಬಾಯಿ ತೆರೆದವರಲ್ಲ. ಅದೇ ದಿನ ಹತ್ತೂ ಮುಕ್ಕಾಲಿಗೆ ತನಗೂ ಫೋನು ಬಂದಿತ್ತು, ಐದನೇ ಮನೆ ಕ್ರೇಟ್ ಬರುತ್ತದೆ, ಮೊದಲು ಅದನ್ನೇ ತೂಗಿ ಎಂದು ಹೇಳಿದಿರಲ್ಲ ಸರ್ ಎಂದರು, ಬಹಳ ಮರ್ಯಾದೆಯಿಂದ. ಕ್ರೇಟ್ ಬರುವ ಮುಂಚೆಯೇ ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಅವತ್ತೇ ಅಂದುಕೊಂಡೆ, ಎಂದೂ ಸೇರಿಸಿದರು.

ಹೆಡ್ ಆಫೀಸಿನಾಕೆ ಕ್ರೇಟ್ ಚೀಟಿಗಳ ಕಟ್ಟನ್ನು ತಮ್ಮ ಫೈಲಿಗೆ ಸೇರಿಸಿಕೊಂಡರು.

ಹೊರಗೆ ಬಂದಾಗ ಅಣ್ಣ ಬೆಂಚಿನಲ್ಲಿರಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಅತ್ತಿಗೆ ನಿಂತಿದ್ದರು. ಅವರ ಎದುರು ಅಣ್ಣ. ಅವರ ಕೈ ಹಿಡಿದು ತಿರುಗಿಸಿ ನೋಡುತ್ತಿದ್ದ, ಮುಂಗೈಯಿಂದ ಮೊಣಕೈವರೆಗೆ ಎದ್ದ ಕೆಂಪು ಗಂಧೆಗಳನ್ನು. ಒಂದೇ ಮನೆಯಲ್ಲಿದ್ದೂ ಈಗ ನೋಡಿದನೇ? ನಾನೂ ಈಗಲೇ ನೋಡಿದ್ದು.

ಮಾರ್ಚ್ 19, ಬುಧವಾರ

ಆದೇಶ ಬಂತು. ಸಿಂಪಡಣೆ, ಬೋರ್ಡು ಎರಡೂ ಮ್ಯಾನೇಜರ್ ಕೈಯಿಂದ ಹೋದವು, ಅವರಿಗೆ ಎಚ್ಚರಿಕೆ ಪತ್ರ. ಬೋರ್ಡಿಗೆ ಇನ್ನು ಬೀಗ, ಕೀಲಿ ಕಮಿಟಿಯ ಕೆಲಸಗಾರರ ಹತ್ತಿರ. ಗಿಣಿಯ ಆಸ್ಪತ್ರೆಯದೆಲ್ಲ ಕಂಪನಿಯದು. ಅಣ್ಣನಿಗೆ ಮೂರು ವಾರ ಕೆಲಸವಿಲ್ಲ, ಆಮೇಲೆ ಪ್ಯಾಕಿಂಗ್ ಶೆಡ್ಡಿಗೆ. ಔಷಧಿ ಪಂಪು ಇನ್ನು ಮುಟ್ಟುವ ಹಾಗಿಲ್ಲ. ನನಗೂ ಒಂದು ಮೆಮೋ, ಚೀಟಿ ಮುಚ್ಚಿಟ್ಟದ್ದಕ್ಕೆ.

ಹೇಳಿದವರಿಗೆ ಕಾಗದ, ಕೇಳಿದವನಿಗೆ ಶಿಕ್ಷೆ. ಇದನ್ನು ನ್ಯಾಯ ಎನ್ನಲಾರೆ. ಅನ್ಯಾಯ ಎನ್ನಲೂ ನಾಲಿಗೆ ಏಳುವುದಿಲ್ಲ. ಗಿಣಿಯ ನೊರೆ ತುಂಬಿದ ಬಾಯಿ ಕಣ್ಣ ಮುಂದೆ ಬರುತ್ತದೆ.

ಅಣ್ಣ ಎರಡು ಸಲ ಓದಿದ. "ಸರಿ ಇದೆ" ಅಂದ. ಅಷ್ಟೇ.

ಮಾರ್ಚ್ 26, ಬುಧವಾರ

ಆಡಿಟ್.

ಉತ್ತರಗಳ ಪದವನ್ನು ಕಳೆದ ವಾರವೇ ನಿಲ್ಲಿಸಿದೆ. ಕೊನೆಯ ಎರಡು ಬ್ಯಾಚಿಗೆ ಹೇಳಿದ್ದು ಒಂದೇ ಮಾತು: ಕೇಳಿದರೆ ಆದದ್ದನ್ನು ಹೇಳಿ, ಆಗದ್ದನ್ನು ಹೇಳಬೇಡಿ. ಆಗ ಕೆಲವರು ನನ್ನನ್ನು ನೋಡಿದ ರೀತಿ — ಏಣಿ ಹತ್ತಿಸಿ ಏಣಿ ತೆಗೆದವಳನ್ನು ನೋಡುವ ಹಾಗೆ. ಪದವಾದರೆ ಸುಲಭವಿತ್ತು.

ಆಡಿಟರ್ ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾನು ಹೊರಗೆ. ಕಾರಿಡಾರಿನ ಉದ್ದ ಇಪ್ಪತ್ತಾರು ಹೆಜ್ಜೆ, ಈಗ ಖಚಿತವಾಗಿ ಗೊತ್ತು. ಒಳಗಿಂದ ಬಂದವರು ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ! ಗಿಣಿಯನ್ನೂ ಕರೆದರು. ಮೊನ್ನೆಯಿಂದ ಬರುತ್ತಿದ್ದಾಳೆ, ಶೆಡ್ಡಿನಲ್ಲಿ ಕೂತು ಮಾಡುವ ಕೆಲಸ. ದನಿ ಒಡೆದಿದೆ, ಎರಡು ಮಾತಿಗೆ ಒಂದು ಕೆಮ್ಮು. ಆದರೂ ಮಿಕ್ಕವರೆಲ್ಲ ಹತ್ತು ನಿಮಿಷಕ್ಕೆ ಬಂದರೆ ಅವಳು ನಲವತ್ತು ನಿಮಿಷ.

ಸಂಜೆ ತಿಳಿಯಿತು. ದೊಡ್ಡ ಲೋಪ ಎಂದೇ ಬರೆದಿದ್ದಾರೆ. ಸರಿಪಡಿಸಲು ಅರವತ್ತು ದಿನ. ಆಗದಿದ್ದರೆ ಬಯರ್ ಬೇರೆ ತೋಟ ನೋಡಿಕೊಳ್ಳುತ್ತಾನೆ.

ಗೇಟಿನಲ್ಲಿ ಒಬ್ಬಳು ನನ್ನನ್ನು ತಡೆದು ಕೇಳಿದಳು: "ಬಯರ್ ಹೋದ್ರೆ ನಮ್ಮ ಕೆಲಸ ಹೋಗುತ್ತಲ್ಲ ಮೇಡಂ, ಆ ದೂರನ್ನ ಯಾವ ಪೆಟ್ಟಿಗೆಗೆ ಹಾಕೋದು?"

ಅದಕ್ಕೆ ಪೆಟ್ಟಿಗೆ ಇಲ್ಲ ಎಂದೇ ಹೇಳಿದೆ. ಅವಳು ನಿಂತೇ ಇದ್ದಳು. ನಾನೂ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 11

ಎರಡು ವಾರ ಪುಸ್ತಕ ತೆರೆಯಲಿಲ್ಲ. ಪೆಟ್ಟಿಗೆ ತೆರೆಯುವುದೇ ಕೆಲಸವಾಗಿತ್ತು. ಒಂಬತ್ತು ಚೀಟಿ. ಎರಡರಲ್ಲಿ ನನ್ನ ಮೇಲೇ ದೂರು: ಕೂಗಿ ಮಾತಾಡುತ್ತೇನಂತೆ, ಮೈಕಿನವಳ ಹಾಗೆ. ಎರಡನ್ನೂ ಅವತ್ತವತ್ತೇ ಹತ್ತಿಸಿದೆ. ಅಕ್ಷರ ಯಾರದೆಂದು ನೋಡಬಾರದು ಎಂದು ಹೆಬ್ಬೆರಳು ಅಡ್ಡ ಇಟ್ಟುಕೊಂಡು ಓದುತ್ತೇನೆ. ಆದರೂ ಗೊತ್ತಾಗಿಬಿಡುತ್ತದೆ. ಏನು ಮಾಡಲಿ.

ಇವತ್ತು ಅಣ್ಣ ಮರಳಿ ಬಂದ. ಶೆಡ್ಡಿಗೆ ಹೊಸದಾಗಿ ಸೇರುವವರೆಲ್ಲ ಮೊದಲು ನನ್ನ ತರಬೇತಿಗೆ ಕೂರಬೇಕು. ಹದಿನಾರು ಜನರ ಬ್ಯಾಚು, ಕೊನೆಯ ಬೆಂಚಿನ ಮೂಲೆಯಲ್ಲಿ ಅವನು. ಮೊಣಕಾಲು ಬೆಂಚಿಗೆ ತಾಗುತ್ತಿತ್ತು. ನಾನು ಹಾಜರಿ ಕರೆದೆ. ಅವನ ಹೆಸರು ಬಂದಾಗ ನಾಲಿಗೆ ತಡವರಿಸಿತು. ಅವನ ಹೆಸರು ಹಿಡಿದು ಕರೆದದ್ದು ಹುಟ್ಟಿದ ಮೇಲೆ ಇದೇ ಮೊದಲು. "ಇದೀನಿ" ಅಂದ.

ಪಾಠ ಮುಗಿಸಿ, ಏನಾದರೂ ಕೇಳುವುದಿದೆಯೇ ಎಂದೆ. ಯಾವಾಗಲೂ ಕೇಳುತ್ತೇನೆ, ಯಾವಾಗಲೂ ಯಾರೂ ಕೇಳುವುದಿಲ್ಲ. ಅಣ್ಣ ಕೈ ಎತ್ತಿದ. ಎದ್ದೂ ನಿಂತ.

"ಮೇಲಿನೋರು ಫೋನಲ್ಲಿ ತಪ್ಪು ಕೆಲಸ ಹೇಳಿದಾಗ, ಆಗಲ್ಲ ಅನ್ನಬೇಕು ಅಂತ ಹೇಳಿದ್ರಿ. ಸರಿ. ಅದನ್ನ ಹೇಗೆ ಅನ್ನೋದು? ಬಾಯಿಂದ ಹೊರಡಲ್ಲ ಮೇಡಂ. ಅದನ್ನ ಹೇಳಿಕೊಡಿ."

ಮೇಡಂ ಅಂದ. ಅಣಕವಿರಲಿಲ್ಲ.

ನನ್ನ ನೋಟ್ಸಿನಲ್ಲಿ ಅದಿಲ್ಲ. ಯಾರ ನೋಟ್ಸಿನಲ್ಲೂ ಇರಲಿಕ್ಕಿಲ್ಲ. ನಾನು ಮೇಜಿನ ಮೇಲಿದ್ದ ಡಸ್ಟರನ್ನು ಕಿವಿಗೆ ಹಿಡಿದು ಮ್ಯಾನೇಜರ್ ದನಿಯಲ್ಲಿ ಹೇಳಿದೆ, ಐದನೇ ಮನೆ ತೆಗಿ, ಲಾರಿ ಕಾಯಲ್ಲ ಅಂತ. ಎಲ್ಲ ನಕ್ಕರು. ಅಣ್ಣ ನಗಲಿಲ್ಲ. ಒಂದು ಸಲ ಬಾಯಿ ತೆರೆದು ಮುಚ್ಚಿದ. ಎರಡನೇ ಸಲ, "ಸರ್... ಅದು..." ಎಂದು ನಿಂತ. ನಲವತ್ಮೂರು ವರ್ಷದ ಗಂಡಸು, ಬೆವರುತ್ತಿದ್ದ. ಮತ್ತೆ ಹೇಳಿದೆ, ಇನ್ನೂ ಗಟ್ಟಿಯಾಗಿ. ಈಗ ರೂಮಿನಲ್ಲಿ ಯಾರೂ ನಗುತ್ತಿರಲಿಲ್ಲ.

"ಬರೆದು ಕೊಡಿ ಸರ್. ಬರೆದು ಕೊಟ್ರೆ ನೋಡೋಣ."

ಮೆಲ್ಲಗೆ ಹೇಳಿದ. ಆದರೆ ಪೂರ್ತಿ ಹೇಳಿದ.

ಪಕ್ಕದವಳು, ನನಗೂ ಒಂದು ಸಲ ಫೋನು ಮಾಡಿ ಮೇಡಂ ಎಂದಳು. ಆಮೇಲೆ ಅವಳ ಹಿಂದಿನವನು. ಹದಿನಾರು ಜನರೂ ಸರದಿಯಲ್ಲಿ. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ರೀತಿ. ಒಬ್ಬ ಬೈದೇಬಿಟ್ಟ, ಅವನನ್ನು ಮತ್ತೆ ಮಾಡಿಸಬೇಕಾಯಿತು. ಮುಕ್ಕಾಲು ಗಂಟೆ ಹೆಚ್ಚಾಗಿದೆ. ಮರುತರಬೇತಿಗೆ ಬಂದ ಮುಂದಿನ ಬ್ಯಾಚಿನವರು ಬಾಗಿಲಲ್ಲಿ ಗುಂಪುಗೂಡಿದ್ದಾರೆ, ಮುಂದೆ ಅತ್ತಿಗೆ. ಅಣ್ಣ ಹೊರಗೆ ಹೋಗದೆ ಬೆಂಚಿನ ಇನ್ನೊಂದು ತುದಿಗೆ ಸರಿದು ಜಾಗ ಮಾಡುತ್ತಿದ್ದಾನೆ. ಡಸ್ಟರ್ ಈಗ ಅವನ ಕೈಯಲ್ಲಿ. ನಾನು ಬರೆಯುವುದನ್ನು ನಿಲ್ಲಿಸಬೇಕು, ಅವನು ಅದನ್ನು ಕಿವಿಗೆ ಹಿಡಿದು ಅತ್ತಿಗೆಯ ಕಡೆ ತಿರುಗಿ —